ಅರವತ್ತನಾಲ್ಕು ಸಾಲು

ಮೊದಲು ನಾನು ಪೊರಕೆಯ ಹಿಡಿಯಿಂದ ಸೂರು ಗುದ್ದಿದ್ದು ನಿಜ.
ಮೇಲಿನ ಮನೆಯ ಹುಡುಗ ಝೆಮೊವಿತ್, ಹದಿಮೂರು ವರ್ಷ,
ರಾತ್ರಿ ಹನ್ನೊಂದಕ್ಕೆ ಕಂಪ್ಯೂಟರಿನಲ್ಲಿ ಕೀಂವ್ ಕೀಂವ್.
ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಮಗ್ಗದೆದುರು ನಿಂತವಳು,
ಕಿವಿ ಅರ್ಧ ಅಲ್ಲೇ ಬಿಟ್ಟು ಬಂದಿದ್ದೇನೆ.
ಹಕ್ಕಿ ಕೇಳದು, ಬಾಗಿಲ ಗಂಟೆ ಕೇಳದು,
ಉಳಿದರ್ಧಕ್ಕೆ ಸರಿಯಾಗಿ ಇವನದೇ ಸದ್ದು ಬಂದು ಬೀಳಬೇಕೆ!

ತಡ್ ತಡ್, ತಡತಡ, ತಡ್.
ಮೇಲೆ ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆ.
ತಪ್ಪಾಯಿತು ಅನ್ನಲು ಬಂದ ಅಂದುಕೊಂಡೆ.
"ಪಾನಿ ಲೆಯೊಕಾದ್ಯಾ, ಅದನ್ನೇ
ಇನ್ನೊಂದು ಸಲ ಗುದ್ದುತ್ತೀರಾ?"

ಆಟ ಕಟ್ಟುತ್ತಿದ್ದಾನಂತೆ. ಒಂದು ನೀರುನಾಯಿ
ಊರಿನಡಿಯ ನದಿ ಹುಡುಕಿಕೊಂಡು ಹೋಗುತ್ತದೆ.
ನಮ್ಮೂರು ವುಚ್, ಹೆಸರಿನ ಅರ್ಥವೇ ದೋಣಿ;
ನದಿಯನ್ನು ಹೂತು ಮೇಲೆ ಬೀದಿ ಹಾಸಿದ್ದಾರೆ.
ಗುಹೆಯೊಳಗಿನ ಹಾಡು ಬೇಕು ಅವನಿಗೆ.

ಹಾಡು ಹೊಸೆಯುವ ಸಾಫ್ಟ್‌ವೇರು ತೋರಿಸಿದ.
ಬೆಲೆ ಎಷ್ಟು? ಬೆಲೆಯಿಲ್ಲ.
ಈ ಮಾತಿಗೆ ಎರಡರ್ಥ; ಯಾವುದೆಂದು ಕೇಳಲಿಲ್ಲ.
ಯಾರೋ ಎಲ್ಲೋ ಕೂತು
ತಮ್ಮ ಸಂಜೆಗಳನ್ನು ಒಂದಕ್ಕೊಂದು ಹೊಲಿದು
ಬೇಕಾದವರು ಒಯ್ಯಲಿ ಎಂದು ಹೊರಗಿಟ್ಟಿದ್ದಾರೆ.

ನಾಲ್ಕು ಅಂಕಣ. ಎರಡು ಚೌಕದಲೆ, ಒಂದು ತ್ರಿಕೋನ,
ನಾಲ್ಕನೆಯದು ಬರೀ ಗದ್ದಲ.
ಗದ್ದಲಕ್ಕೂ ಒಂದು ಅಂಕಣ ಕೊಟ್ಟಿದ್ದಾರೆ ಪುಣ್ಯಾತ್ಮರು!
ಹಾಡು ಇಲ್ಲಿ ಎಡದಿಂದ ಬಲಕ್ಕೆ ಓಡುವುದಿಲ್ಲ,
ಮೇಲಿಂದ ಕೆಳಗೆ, ಸಾಲು ಸಾಲಾಗಿ, ಬಟ್ಟೆ ಇಳಿದಂತೆ.
ಅರವತ್ತನಾಲ್ಕು ಸಾಲಿಗೊಂದು ಚಿತ್ತಾರ.
ಒಂಬತ್ತಾದ ಮೇಲೆ ಹತ್ತಲ್ಲ, ಎ.
ಎಫ್ ತನಕ ಹೋಗಿ ಮತ್ತೆ ಸೊನ್ನೆ.
ವಿವರಿಸಲು ಬಾಯಿ ತೆರೆದ ಹುಡುಗ. ಸುಮ್ಮನಿರು ಮರೀ ಅಂದೆ,
ಇದು ಹಾಸು, ಇದು ಹೊಕ್ಕು, ನನಗೆ ಗೊತ್ತು.

ಮೂರು ಚುಕ್ಕಿ ಇದ್ದಲ್ಲಿ ಖಾಲಿ, ಅಂದ.
ಖಾಲಿಯಲ್ಲ.
ನೂಲು ಅಡಿಯಲ್ಲಿ ಹಾದಿರುತ್ತದೆ, ಕಾಣುವುದಿಲ್ಲ ಅಷ್ಟೆ.

ಗದ್ದಲದ ಅಂಕಣದಲ್ಲಿ ಮಗ್ಗ ಹೂಡಿದೆ:
ತೆರೆ, ಲಾಳಿ, ಬಡಿ. ತೆರೆ, ಲಾಳಿ, ಬಡಿ.
ತ್ರಿಕೋನದಲ್ಲಿ ನೆಲದ ನಡುಕ, ಅಂಗಾಲಿನಿಂದ ನೆನಪಿತ್ತು.
ಮೊದಲ ಚೌಕದಲ್ಲಿ ನಾನು.
ಎರಡನೆಯದನ್ನು ಮೂರು ಸಾಲು ತಡವಾಗಿ ಬಿಟ್ಟೆ, ದನಿ ತಗ್ಗಿಸಿ.
ಎದುರು ಮಗ್ಗದ ಗೆನೊವೆಫಾ, ಆ ಗಲಾಟೆಯಲ್ಲಿ
ನನ್ನ ತುಟಿ ಓದಿ, ಅದೇ ಮಾತನ್ನು
ತನ್ನ ತುಟಿಯಲ್ಲಿ ಮರಳಿ ಅನ್ನುತ್ತಿದ್ದಳು.
ಅವಳ ದನಿ ಹೇಗಿತ್ತೆಂದು ಕೇಳಿದರೆ ಹೇಳಲಾರೆ.
ಬಾಯಿ ನೆನಪಿದೆ.

ಹುಡುಗ ಮೂರು ಸಲ ಕೇಳಿ, "ನೀರುನಾಯಿ ಹೆದರಿದೆ" ಅಂದ.
ಮೆಚ್ಚಿದ್ದೋ ದೂರಿದ್ದೋ.
ಇಡೀ ಹಾಡು ಒಂದು ಅಂಗಿಗುಂಡಿಯ ಫೋಟೋಕ್ಕಿಂತ ಹಗುರ.

ಆಮೇಲೆ ಸೋಲಿನ ಹಾಡು ಬೇಕು ಅಂದ, ಪ್ರಾಣ ಮೂರೂ ಮುಗಿದಾಗಿನದು.
ಅದಕ್ಕೆ ಎರಡು ವಾರ ಹಿಡಿಯಿತು.
ಕೊನೆಯ ದಿನ ಮಗ್ಗಗಳು ಒಟ್ಟಿಗೆ ನಿಲ್ಲಲಿಲ್ಲ;
ಕಿಟಕಿ ಪಕ್ಕದ್ದು ಮೊದಲು, ಆಮೇಲೆ ನಡುವಿನ ಸಾಲು,
ನನ್ನದು, ಕೊನೆಗೆ ಮೂಲೆಯಲ್ಲೊಂದು
ಯಾರೂ ಹೇಳಲಿಲ್ಲವೇನೋ ಎಂಬಂತೆ ಬಡಿಯುತ್ತಲೇ ಇತ್ತು.
ಹಾಗೇ ಬರೆದೆ.
ಕೆಳಗಿನ ನಲವತ್ತು ಸಾಲು ಬರೀ ಚುಕ್ಕಿ.
"ಸ್ಪೀಕರ್ ಕೆಟ್ಟಿದೆಯಾ?" ಅಂದ ಝೆಮೊವಿತ್.
ಇಲ್ಲ, ಅಂದೆ. ಕೇಳು.
ಚುಕ್ಕಿ ಇಳಿಯುವುದನ್ನು ಇಬ್ಬರೂ ಕೂತು ನೋಡಿದೆವು.

ಆಟ ಇನ್ನೂ ಮುಗಿದಿಲ್ಲ. ಅವನಿಗೆ ಪರೀಕ್ಷೆ, ಬೇಗ ಮಲಗುತ್ತಾನೆ.
ನೀರುನಾಯಿ ಎರಡನೆಯ ಗುಹೆಯಲ್ಲೇ ನಿಂತಿದೆ.
ಅವನ ಹಳೆಯ ಲ್ಯಾಪ್‌ಟಾಪು ನನ್ನ ಅಡುಗೆಮನೆಯಲ್ಲಿ,
ದನಿ ಎಷ್ಟಿದೆಯೆಂದು ನನಗೆ ತಿಳಿಯುವುದೂ ಇಲ್ಲ.
ನಿನ್ನೆ ಹನ್ನೊಂದೂವರೆಗೆ ಕೆಳಗಿನ ಮನೆಯವರು ಗುದ್ದಿದರು.
ಅಂಗಾಲಿಗೆ ತಿಳಿಯಿತು.
ಏನೂ ತಾಳವಿಲ್ಲ ಆ ಮನುಷ್ಯನಿಗೆ.
ಆದರೂ ಬರೆದುಕೊಂಡೆ.