ಇತ್ಯಾದಿಯೊಳಗೆ

ಬತೂಮಿಯಲ್ಲಿ ಕಡಲಿಗೆ ಬೆನ್ನು ಮಾಡಿದ ರಿಪೇರಿ ಅಂಗಡಿ.
ಟ್ಯಾಕ್ಸಿಯ ಜುಂಬೆರ್ ಲ್ಯಾಪ್‌ಟಾಪನ್ನು
ಟವೆಲಿನಲ್ಲಿ ಸುತ್ತಿ ತಂದ.
"ಕೆಟ್ಟಿಲ್ಲ, ಎತೇರಿ. ಒಂದು ಬಾಗಿಲು ಮುಚ್ಚಬೇಕು."
ಯಾವ ಬಾಗಿಲೆಂದು ಅವಳು ಕೇಳಲಿಲ್ಲ.
ಎದುರಿನ ಕ್ಯಾಸಿನೊ ದೀಪ ಅವನ ಕೆನ್ನೆಯ ಮೇಲೆ
ಕೆಂಪಾಗಿ, ಹಸಿರಾಗಿ, ಮತ್ತೆ ಕೆಂಪಾಗಿ.

ವಿಂಡೋಸ್, ಅದರೊಳಗೆ ಸಿಸ್ಟಂ, ಅದರೊಳಗೆ ಡ್ರೈವರ್ಸ್,
ಅದರೊಳಗೆ 'ಇತ್ಯಾದಿ' ಎಂದೇ ಹೆಸರಿಟ್ಟ ಒಂದು ಗೂಡು.
ಅಲ್ಲಿ ಹೋಸ್ಟ್ಸ್ ಎಂಬ ಫೈಲು, ಹೆಸರಿಗೆ ಬಾಲವಿಲ್ಲ.
ತಿದ್ದಿದಳು. ಉಳಿಸಲು ಒಪ್ಪಲಿಲ್ಲ:
ನಿಮಗೆ ಅಧಿಕಾರವಿಲ್ಲ.
"ನನ್ನದೇ ಯಂತ್ರ!" ಅಂದ ಜುಂಬೆರ್.
"ಎಲ್ಲರಿಗೂ ಹೀಗೇ ಹೇಳುತ್ತೆ" ಎನ್ನುತ್ತ
ಯಜಮಾನಿಯಾಗಿ ಮತ್ತೆ ಒಳಬಂದಳು.

ಜೂಜಿನ ಹೆಸರು. ಅದರ ಎಡಕ್ಕೆ
ನೂರಿಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
"ಯಾರ ವಿಳಾಸ ಇದು?"
"ಇದರದ್ದೇ. ಆಟಕ್ಕೆ ಹೊರಟರೆ ಸುತ್ತಿ ಮನೆಗೇ ಬರುತ್ತೆ."

ಅವನು ತಡೆದು ಕೇಳಿದ: ಕೆಳಗೆ ಒಂದು ಮಾತು ಬರೆಯಬಹುದೆ?
ಅವಳು ಹ್ಯಾಶ್ ಗುರುತು ಒತ್ತಿ ಕೀಲಿಮಣೆ ತಳ್ಳಿದಳು.
ಅದರಾಚೆಯದನ್ನು ಯಂತ್ರ ಓದುವುದಿಲ್ಲ.
ಒಂದೇ ಬೆರಳಲ್ಲಿ, ಹುಡುಕಿ ಹುಡುಕಿ:
ನಾತಿಯಾಳ ಬೂಟು, ಅಳತೆ ಮೂವತ್ತನಾಲ್ಕು.

ದುಡ್ಡು ಎಣಿಸುವಾಗ ಅವನ ಜೇಬಿನ ಫೋನು ನಡುಗಿತು.
ಇಬ್ಬರಿಗೂ ಕೇಳಿಸಿತು.