ಯಾರ್ದು ಈ ಡಬ್ಬ

ಲಿಂಗರಾಜಪುರದಲ್ಲಿ ನನ್ನ ಹಿಟ್ಟಿನ ಗಿರಣಿ,
ಅದರ ಮೇಲೊಂದು ತಗಡಿನ ಕೋಣೆ.
ತಿಂಗಳಿಗೆ ಸಾವಿರದಿನ್ನೂರು, ಕರೆಂಟು ಬೇರೆ.
ನಾಲ್ಕು ಹುಡುಗರು ಬಂದರು, ಕೂದಲು ನನಗಿಂತ ಉದ್ದ.
‘ಆಂಟಿ, ಸ್ವಲ್ಪ ಸದ್ದಾಗುತ್ತೆ’ ಅಂದರು.
ನಾನು ಮೋಟರಿನ ಸ್ವಿಚ್ಚು ಒತ್ತಿದೆ.
ಅವರ ಬಾಯಿ ಆಡುವುದು ಕಂಡಿತು, ಮಾತು ಕೇಳಲಿಲ್ಲ.
ಬಾಡಿಗೆ ಹಾಗೆ ಕುದುರಿತು.

ಜೆರೋಮ್ ಭಾನುವಾರ ಬೆಳಗ್ಗೆ ಚರ್ಚಿನಲ್ಲಿ
ಬಿಳಿ ಅಂಗಿ ತೊಟ್ಟು ನಾಜೂಕಾಗಿ ಹಾಡಿ
ಮಧ್ಯಾಹ್ನ ಇಲ್ಲಿ ಬಂದು ಹೊಟ್ಟೆಯ ತಳದಿಂದ ಅರಚುತ್ತಿದ್ದ.
ಟ್ಯಾನರಿ ರಸ್ತೆಯ ಇರ್ಷಾದನ ಗಿಟಾರಿಗೆ ಏಳು ತಂತಿ.
ಏಳನೆಯದು ಯಾಕೋ ಅಂದರೆ
‘ಇನ್ನೂ ಕೆಳಗಿಳಿಯೋಕೆ, ಆಂಟಿ.’
ಬೇಸ್ ಗಿಟಾರಿನ ಸೆಲ್ವನಿಗೆ ಮಾತೇ ಕಮ್ಮಿ.
ಡ್ರಮ್ಮಿನ ಗಜೇಂದ್ರ ಹೆಣ್ಣೂರಿನವನು,
ಮೊಟ್ಟೆ ಅಂಗಡಿಯ ಟ್ರೇಗಳನ್ನು ತಂದು ಗೋಡೆಗೆಲ್ಲ ಅಂಟಿಸಿದ.
ಸದ್ದು ಆ ಗುಳಿಗಳಲ್ಲಿ ಕೂತುಬಿಡುತ್ತದಂತೆ.
ಕೂರಲಿಲ್ಲ.

ಬ್ಯಾಂಡಿಗೆ ಹೆಸರು ‘ತಗಡು’.
ತಗಡು ಅಂದರೆ ಕಳಪೆ ಅಲ್ವೇನ್ರೋ?
‘ಬೈಯೋರಿಗೆ ತ್ರಾಸಾಗಬಾರದು ಅಂತ
ನಾವೇ ಇಟ್ಕೊಂಡ್ವಿ.’

ನನ್ನ ಬೆಲ್ಟಿಗೊಂದು ತೇಪೆ ಇತ್ತು,
ಸುತ್ತಿ ಬಂದಾಗ ಚಕ್ರಕ್ಕೆ ಬಡಿದು ಧಬ್ ಅನ್ನುವುದು.
ಹದಿನಾರು ವರ್ಷದಿಂದ ನನಗದು ಕೇಳಿಸಿಯೇ ಇರಲಿಲ್ಲ.
ಗಜೇಂದ್ರ ಮೆಟ್ಟಿಲ ಮೇಲೆ ಕೂತು ತೊಡೆ ತಟ್ಟಿ ಎಣಿಸಿದ:
ಏಳು, ಧಬ್. ಏಳು, ಧಬ್.
ಗೋಧಿಗೆ ಚುರುಕು, ರಾಗಿಗೆ ಸ್ವಲ್ಪ ಜಡ.
ಮೆಣಸಿನಕಾಯಿಯ ದಿನ ಎಲ್ಲರಿಗೂ ಸೀನು, ಅಭ್ಯಾಸಕ್ಕೆ ರಜೆ.
ಅವರ ಮೂರನೆಯ ಹಾಡು ಆ ತೇಪೆಯಲ್ಲಿ ಹುಟ್ಟಿತು.
ಬೆಲ್ಟು ಬದಲಿಸಲು ಮೆಕ್ಯಾನಿಕ್ಕು ಬಂದ ದಿನ
ನಾಲ್ವರೂ ಇಳಿದು ಬಂದು ಬಾಗಿಲಿಗೆ ಅಡ್ಡ ನಿಂತರು.

ಒಂದು ಕಾಲೇಜಿನಲ್ಲಿ ಎರಡನೆಯ ಬಹುಮಾನ.
ಇನ್ನೊಂದರಲ್ಲಿ ಅರ್ಧಕ್ಕೇ ಪೊಲೀಸರು.
ಒಂದೇ ಒಂದು ಸಲ ಅರಮನೆ ಮೈದಾನ,
ದೊಡ್ಡವರು ಬರುವ ಮುಂಚೆ, ಸುಡುಬಿಸಿಲಲ್ಲಿ, ಇಪ್ಪತ್ತು ನಿಮಿಷ.
ಹದಿನಾಲ್ಕನೆಯ ನಿಮಿಷಕ್ಕೆ ಜನರೇಟರು ಕೈಕೊಟ್ಟಿತು.
ಗಿಟಾರು ಸತ್ತಿತು, ಮೈಕು ಸತ್ತಿತು,
ಗಜೇಂದ್ರ ನಿಲ್ಲಿಸಲಿಲ್ಲ. ಡ್ರಮ್ಮಿಗೆ ಕರೆಂಟು ಬೇಡವಲ್ಲ.
ಮುಂದಿನ ಸಾಲಿನವರು ಕೊನೆಗೆ
ನನ್ನ ತೇಪೆಗೆ ಕಾಲು ಕುಟ್ಟಿದರಂತೆ.
ನಾನು ಹೋಗಿರಲಿಲ್ಲ. ಮಾರನೆಯ ದಿನ ದೀಪಾವಳಿ,
ಕಡಲೆಹಿಟ್ಟಿನ ಸಾಲು ರಸ್ತೆಯವರೆಗೆ.

ಎರಡು ವರ್ಷ, ನಾಲ್ಕು ತಿಂಗಳು.
ಜಗಳವಾಗಿ ಮುರಿದಿದ್ದರೆ ನನಗೂ ಅರ್ಥವಾಗುತ್ತಿತ್ತು.
ಜೆರೋಮನ ಗಂಟಲಲ್ಲಿ ಗಂಟಾಯಿತು.
ಆರು ತಿಂಗಳು ಪಿಸುಮಾತೂ ಕೂಡದು ಅಂದರು ಡಾಕ್ಟರು.
ಗಿರಣಿಯ ಚೀಟಿಯ ಹಿಂದೆ ಬರೆದು ತೋರಿಸಿದ:
ಮೂವರೂ ಕಾಯ್ತಾರೆ, ಆಂಟಿ.
ಕಾದರು ಪಾಪ, ಮಳೆಗಾಲ ಮುಗಿಯುವವರೆಗೂ.
ಆಮೇಲೆ ಇರ್ಷಾದ್ ಯಾವುದೋ ಹಡಗು ಹತ್ತಿದ,
ಊಟ ಮಾಡುವವರ ಮುಂದೆ ಬೇರೆಯವರ ಹಾಡು ನುಡಿಸಲು.
ಸೆಲ್ವ ಯುಪಿಎಸ್ ಬ್ಯಾಟರಿ ಮಾರುತ್ತಾನೆ, ನನಗೂ ಒಂದು ಮಾರಿದ.
ಡ್ರಮ್ಮು ಇಳಿಸಲು ಬಂದ ಗಜೇಂದ್ರ
ಆಟೋ ಕಾಯಿಸಿ ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತ.
ಎದ್ದು ಹೋಗುವಾಗ ಇಷ್ಟೇ:
‘ಬೆಲ್ಟು ಬದಲಾಯಿಸಿ ಆಂಟಿ, ಕಿತ್ಕೊಂಡ್ ಬಂದ್ರೆ ಅಪಾಯ.’

ಬದಲಾಯಿಸಿದೆ. ಈಗ ನಯವಾಗಿ ಸುತ್ತುತ್ತದೆ,
ಏನೂ ಹೇಳುವುದಿಲ್ಲ.

ಐನೂರು ಸಿಡಿ ಮಾಡಿಸಿದ್ದರು.
ಮುನ್ನೂರ ಚಿಲ್ಲರೆ ಇನ್ನೂ ತಕ್ಕಡಿಯ ಕೆಳಗಿನ ಗೋಣಿಯಲ್ಲಿವೆ.
ಮೇಲಿನ ಕೋಣೆಯಲ್ಲೇ ಎರವಲು ಯಂತ್ರ ತಂದು ತುಂಬಿಸಿದ್ದು.
ಮೂರನೆಯ ಹಾಡಿಗೆ ಮೋಟರು ಓಡುತ್ತಿರಲಿ ಅಂದಿದ್ದರು,
ಇಂಥ ಹೊತ್ತಿಗೆ ಅಂತ ಹೇಳಿರಲಿಲ್ಲ.
ಮಗನ ಮನೆಯ ಪ್ಲೇಯರಿನಲ್ಲಿ ಹಾಕಿ ಕೇಳಿದೆ.
ನಡುವೆ ಎಲ್ಲ ವಾದ್ಯವೂ ಗಕ್ಕನೆ ನಿಲ್ಲುತ್ತದೆ,
ನೆಲದಡಿಯಿಂದ ಒಂದು ಹೆಂಗಸಿನ ದನಿ, ಒರಟು ಅಂದರೆ ಒರಟು,
ಜೆರೋಮನಿಗೇ ಸವಾಲು:

‘ಯಾರ್ದಪ್ಪಾ ಈ ಡಬ್ಬ?’

ಉತ್ತರವಿಲ್ಲ.
ಏಳು ಎಣಿಸುವಷ್ಟು ಹೊತ್ತು ಬೆಲ್ಟೊಂದೇ.
ಆಮೇಲೆ ನಾಲ್ವರೂ ಒಟ್ಟಿಗೆ ಬೀಳುತ್ತಾರೆ.