ಒಂಬತ್ತೂವರೆ

ವಲ್ಪರಾಯ್ಸೊ ಬಂದರಿನ ಮೇಲೆ, ಏಳನೆಯ ತಿರುವಿನ ಮನೆ,
ತಗಡಿನ ಗೋಡೆಗೆ ಹಡಗಿಗೆ ಬಳಿದು ಮಿಕ್ಕ ಹಸಿರು.
ಒಳಗೆ ಎಲಿಯೊದೊರೊ ಮಲಗಿದ್ದಾನೆ,
ಮೂಗಿಗೆ ಮಾಸ್ಕು, ಮಾಸ್ಕಿಗೆ ಕೊಳವೆ,
ಕೊಳವೆಯ ತುದಿಗೆ ಬ್ರೆಡ್ಡಿನ ಡಬ್ಬಿಯಷ್ಟು ಯಂತ್ರ.
ನಾನು ಎದ್ದು ಕೂತಿದ್ದೇನೆ, ಮಡಿಲಲ್ಲಿ ನೋಟುಬುಕ್ಕು.

ಹನ್ನೆರಡೂ ಇಪ್ಪತ್ತು: ಆರು.
ಒಂದು ಗಂಟೆಗೆ ಎಂಟು.
ಒಂದೂ ಹತ್ತಕ್ಕೆ ಹದಿಮೂರು. ಕೆನ್ನೆಯಂಚಿನಲ್ಲಿ
ಗಾಳಿ ಸೋರಿ ಪುಸ್ಸೆಂದಿತು, ಬೆಕ್ಕು ಕಿವಿ ನಿಮಿರಿಸಿತು.
ಹೊಟ್ಟೆಗೆ ಗಾಳಿ ಹೊಕ್ಕು ಅವನು ತೇಗಿದ
ಮದುವೆಯೂಟ ಉಂಡೆದ್ದವನ ಹಾಗೆ.

ಇದು ಆಟೋ, ಅಂದಿದ್ದಳು ಯಾಸ್ನಾ, ಕ್ಲಿನಿಕ್ಕಿನ ಹುಡುಗಿ.
ನಾಲ್ಕರಿಂದ ಇಪ್ಪತ್ತು. ನೀವೇನೂ ಮುಟ್ಟಬೇಡಿ,
ಗಂಟಲು ಮುಚ್ಚಿದರೆ ತಾನೇ ಏರುತ್ತೆ,
ತೆರೆದರೆ ತಾನೇ ಇಳಿಯುತ್ತೆ.
ಎರಡನೆಯ ‘ತಾನೇ’ಗೆ ಅವನ ಹುಬ್ಬು ಗಂಟಿಕ್ಕಿತು.

ಮೂವತ್ತೊಂದು ವರ್ಷ ಅವನು
ಗುಡ್ಡದ ಹಳಿಯ ಮೇಲೆ ಎರಡು ಮರದ ಡಬ್ಬಿಗಳನ್ನು
ಏರಿಸಿದ, ಇಳಿಸಿದ.
ಒಂದು ಹತ್ತಿದರೆ ಇನ್ನೊಂದು ಇಳಿಯಬೇಕು,
ನಡುವೆ ಉಕ್ಕಿನ ಹಗ್ಗ.
ಬ್ರೇಕಿನ ಹಿಡಿ ಅಂಗೈಗೆ ಸವೆಯಿತೋ
ಅಂಗೈ ಹಿಡಿಗೆ ಸವೆಯಿತೋ.
ಬೆಳಿಗ್ಗೆ ಮೀನಿನ ಬುಟ್ಟಿಯವರು, ಶುಕ್ರವಾರ ರಾತ್ರಿ ಕುಡಿದ ನಾವಿಕರು;
ಎಷ್ಟು ಜನ ಎಂದು ಅವನು ನೋಡುತ್ತಿರಲಿಲ್ಲ,
ಹಗ್ಗದ ನಡುಕವೇ ಹೇಳುತ್ತಿತ್ತು.
ಕೊನೆಗೊಂದು ದಿನ ನಗರಸಭೆಯವರು
ಹಸಿರು ಗುಂಡಿಯ ಪೆಟ್ಟಿಗೆ ತಂದು ನಿಲ್ಲಿಸಿದರು.
ಅದೂ ತಾನೇ ಏರುವುದು, ತಾನೇ ಇಳಿಯುವುದು.
ಮೊದಲ ವಾರವೇ ಅರ್ಧದಾರಿಯಲ್ಲಿ ನಿಂತಿತು,
ಒಬ್ಬ ದಾದಿ, ಇಬ್ಬರು ಶಾಲೆಮಕ್ಕಳು,
ಒಂದು ಹುಟ್ಟುಹಬ್ಬದ ಕೇಕು ಒಳಗೆ.

ಈ ಕತೆಯನ್ನು ಯಾಸ್ನಾಗೂ ಹೇಳಿದ.
ಅವಳು ನಗಲಿಲ್ಲ. ಒಳ್ಳೆಯ ಹುಡುಗಿ.
ಹಾಗಾದರೆ ಎರಡು ವಾರದ ಲೆಕ್ಕ ನೋಡೋಣ,
ರಾತ್ರಿಯ ಹೆಚ್ಚು ಪಾಲು ಎಷ್ಟರೊಳಗೆ ಕಳೆಯುತ್ತೀರೋ
ಅಲ್ಲಿಗೆ ಕಟ್ಟಿ ನಿಲ್ಲಿಸೋಣ, ಅಂದಳು.
ಯಂತ್ರದ ಕಾರ್ಡಿನಲ್ಲಿ ಎಲ್ಲ ಬರೆದುಕೊಳ್ಳುತ್ತದಂತೆ.
ಆದರೂ ನನ್ನದೊಂದು ಲೆಕ್ಕ ಇರಲಿ.

ಲೆಕ್ಕ ನನಗೇನು ಹೊಸದಲ್ಲ.
ಯಂತ್ರ ಬರುವ ಮೊದಲು ನಾನೇ ಯಂತ್ರ.
ಗೊರಕೆ ನಿಂತೊಡನೆ ಎಣಿಸುತ್ತಿದ್ದೆ:
ಹತ್ತು, ಹದಿನೈದು, ಇಪ್ಪತ್ತೆರಡು,
ಮೂವತ್ತಕ್ಕೆ ಮೊಣಕೈ.
ಪಕ್ಕೆಲುಬಿನ ಸಂದಿಗೆ, ಜೋರಾಗಲ್ಲ, ಹದವಾಗಿ.
ಮುಳುಗಿದವನು ಮೇಲೆ ಬಂದ ಹಾಗೆ ಉಸಿರೆಳೆದು
ಮಗ್ಗುಲಾಗುತ್ತಿದ್ದ. ಬೆಳಗಾದರೆ ಏನೂ ನೆನಪಿಲ್ಲ.
ಬರಬರುತ್ತಾ ನನಗೆ ಎಚ್ಚರವಾಗುವುದೂ ನಿಂತಿತು,
ಮೊಣಕೈಯೊಂದೇ ಎದ್ದು ಹೋಗಿ
ಕೆಲಸ ಮುಗಿಸಿ ಬಂದು ಮಲಗುತ್ತಿತ್ತು.
ಅದಕ್ಕೆ ಏನೆನ್ನುತ್ತೀಯೆ ಯಾಸ್ನಾ,
ಆಟೋ ಅನ್ನುತ್ತೀಯೋ, ಕೈಯಾರೆ ಅನ್ನುತ್ತೀಯೋ?

ಹದಿನೈದನೆಯ ದಿನ ಅವಳು ಕಟ್ಟಿ ನಿಲ್ಲಿಸಿದಳು: ಒಂಬತ್ತೂವರೆ.
ಮೂರು ರಾತ್ರಿ ಅವನು
ದಡಕ್ಕೆ ಬಿಗಿದ ದೋಣಿಯಂತೆ ಮಲಗಿದ.
ಬೆಕ್ಕೂ ಮರಳಿ ಕಾಲ ಬಳಿ ಬಂತು.
ನಾನು ಮಾತ್ರ ಆ ಸದ್ದಿಲ್ಲದ ಸಮತಟ್ಟಿನಲ್ಲಿ
ಕಣ್ಣು ಬಿಟ್ಟುಕೊಂಡು, ಮಾಡಲು ಕೆಲಸವಿಲ್ಲದೆ,
ಕೆಳಗೆ ಕ್ರೇನುಗಳು ಕಂಟೇನರು ಇಡುವ ಸದ್ದು ಕೇಳುತ್ತಿದ್ದೆ.

ನಾಲ್ಕನೆಯ ರಾತ್ರಿ, ವೈನು ಎರಡು ಲೋಟ ಹೆಚ್ಚಾಗಿತ್ತು,
ಅಂಗಾತ ಹೊರಳಿದ.
ಒಂಬತ್ತೂವರೆ ಸಾಲಲಿಲ್ಲ.
ಯಂತ್ರ ಕೊಟ್ಟ ಮಾತಿನಂತೆ
ಒಂಬತ್ತೂವರೆಯನ್ನೇ ಊದುತ್ತಿತ್ತು,
ಬೀಗ ಹಾಕಿದ ಮನೆಯೆದುರು ನಿಂತ ಅಂಚೆಯವನ ಹಾಗೆ.
ನಾನು ಎಣಿಸಿದೆ. ಹನ್ನೆರಡು. ಹತ್ತೊಂಬತ್ತು.
ಇಪ್ಪತ್ತಾರು.

ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರುತ್ತಾ,
ನಡುನಡುವೆ ಪಕ್ಕೆ ಸವರಿಕೊಳ್ಳುತ್ತಾ
ಅವನೆಂದ: ನೋಡಿದೆಯಾ ಎರ್ಮಿನಿಯಾ,
ಮ್ಯಾನ್ಯುಯಲ್ಲೇ ವಾಸಿ.
ಹೌದು, ಅಂದೆ.
ನೋಟುಬುಕ್ಕಿನಲ್ಲಿ ಆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.